ಅಡುಗೆಮನೆಗೆ ತಡವಾಗಿ ಬಂದ ವಿಜ್ಞಾನ

ಎಂಟನೆಯ ತರಗತಿಯ ಮಕ್ಕಳಿಗೆ ಒಮ್ಮೆ "ನಮ್ಮ ಮನೆಯಲ್ಲಿರುವ ವಿಜ್ಞಾನದ ಕೊಡುಗೆಗಳು" ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದೆ. ಮೊಬೈಲು, ಟಿ.ವಿ., ಕಂಪ್ಯೂಟರು, ಫ್ರಿಜ್ಜು ಎಲ್ಲರ ಪುಸ್ತಕದಲ್ಲೂ ಇದ್ದವು. ಒಬ್ಬ ಹುಡುಗ ರಾಕೆಟ್ಟನ್ನೂ ಬರೆದಿದ್ದ. "ಅದು ನಿಮ್ಮ ಮನೆಯಲ್ಲಿ ಎಲ್ಲಿದೆಯಪ್ಪಾ?" ಎಂದು ಕೇಳಿದ್ದಕ್ಕೆ ತಲೆ ಕೆರೆದುಕೊಂಡು ನಕ್ಕ. ಬೆಂಕಿಪೆಟ್ಟಿಗೆಯನ್ನು ಯಾರೂ ಬರೆದಿರಲಿಲ್ಲ. ಒಲೆಯನ್ನೂ ಬರೆದಿರಲಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ನಾಲ್ಕೇ ಸಾಲು ಬರೆದಿದ್ದಳು. ಅದರ ಸಾರಾಂಶ ಇಷ್ಟೇ: ನಮ್ಮ ಮನೆಗೆ ನಲ್ಲಿ ಬಂದಿದೆ, ಈಗ ನಾನು ಮೊದಲನೆಯ ಗಂಟೆಗೆ ಶಾಲೆಗೆ ಬರುತ್ತೇನೆ.

ಪ್ರಬಂಧದ ನಿಯಮದಂತೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಯಾವುದೂ ಅದರಲ್ಲಿ ಇರಲಿಲ್ಲ. ಆದರೂ ಆ ನಾಲ್ಕು ಸಾಲು ನನ್ನನ್ನು ಬಹಳ ದಿನ ಕಾಡಿದವು. ಆಧುನಿಕ ಆವಿಷ್ಕಾರಗಳ ಇತಿಹಾಸವನ್ನು ನಾವು ಪ್ರಯೋಗಶಾಲೆಯಿಂದ ಆರಂಭಿಸಿ ಹೇಳುತ್ತೇವೆ. ಯಾರು ಕಂಡುಹಿಡಿದರು, ಯಾವ ವರ್ಷ ಎಂಬುದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಆ ವಸ್ತು ಒಬ್ಬ ಸಾಧಾರಣ ಹೆಂಗಸಿನ ಕೈಗೆ ಯಾವ ವರ್ಷ ಬಂತು ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಈ ಲೇಖನದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಪ್ರಯತ್ನ ಮಾಡಿದ್ದೇನೆ. ದಾವಣಗೆರೆ ಕಡೆಯ ಹಳ್ಳಿಯೊಂದರ ನಮ್ಮ ಮನೆಯ ಬಾವರ್ಚಿಖಾನೆಯನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ನನಗೆ ಚೆನ್ನಾಗಿ ಗೊತ್ತಿರುವುದು ಅದೊಂದೇ.

ಮೊದಲು ಬೆಂಕಿ. ನಮ್ಮ ದಾದಿಮಾ ಹೇಳುತ್ತಿದ್ದ ಮಾತು: ಅವರ ಬಾಲ್ಯದಲ್ಲಿ ರಾತ್ರಿ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುವುದು ಮನೆಯ ಹೆಣ್ಣುಮಗಳ ಕೊನೆಯ ಕೆಲಸ, ಅದನ್ನು ಊದಿ ಎಬ್ಬಿಸುವುದು ಬೆಳಗಿನ ಮೊದಲ ಕೆಲಸ. ಕೆಂಡ ಆರಿಹೋದರೆ ಪಕ್ಕದ ಮನೆಗೆ ಬೆರಣಿ ಹಿಡಿದು ಬೆಂಕಿ ಕೇಳಲು ಹೋಗಬೇಕು. ಬೆಂಕಿಕಡ್ಡಿ ಅಂಗಡಿಯಲ್ಲಿ ಸಿಗುತ್ತಿತ್ತು, ಆದರೆ ಸುಮ್ಮಸುಮ್ಮನೆ ಗೀಚುವ ವಸ್ತು ಅದಾಗಿರಲಿಲ್ಲ. ಇಂಗ್ಲೆಂಡಿನ ಸ್ಟಾಕ್‌ಟನ್ ಊರಿನ ಔಷಧ ವ್ಯಾಪಾರಿ ಜಾನ್ ವಾಕರ್ 1826ರಲ್ಲಿ ರಾಸಾಯನಿಕಗಳನ್ನು ಕಲಸುತ್ತಿದ್ದಾಗ, ಕಡ್ಡಿಯ ತುದಿಯಲ್ಲಿ ಒಣಗಿದ್ದ ಮುದ್ದೆ ನೆಲಕ್ಕೆ ಉಜ್ಜಿ ಹೊತ್ತಿಕೊಂಡಿತು. ಮರುವರ್ಷದಿಂದ ಅವನು ಅದನ್ನು ಮಾರತೊಡಗಿದ, ಪೇಟೆಂಟ್ ಪಡೆಯಲಿಲ್ಲ. ಮುಂದೆ ಬಂದ ಬಿಳಿ ರಂಜಕದ ಕಡ್ಡಿಗಳು ಅವುಗಳನ್ನು ತಯಾರಿಸುವ ಕಾರ್ಮಿಕರ ದವಡೆಯ ಮೂಳೆಯನ್ನೇ ಕೊಳೆಸುತ್ತಿದ್ದವು. 1888ರಲ್ಲಿ ಲಂಡನ್ನಿನ ಬೆಂಕಿಪೆಟ್ಟಿಗೆ ಕಾರ್ಖಾನೆಯ ಹುಡುಗಿಯರು ಮುಷ್ಕರ ಹೂಡಿದರು. 1906ರಲ್ಲಿ ಬರ್ನ್ ನಗರದ ಒಪ್ಪಂದದ ಮೂಲಕ ಹಲವು ದೇಶಗಳು ಬಿಳಿ ರಂಜಕವನ್ನು ನಿಷೇಧಿಸಿದವು. ಮನೆಯೊಳಗಿನ ಸುಖವೊಂದಕ್ಕೆ ಹೊರಗೆ ಯಾರೋ ಬೆಲೆ ತೆರುತ್ತಿರುತ್ತಾರೆ ಎಂಬುದಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆ ಸಿಗಲಾರದು. ನಮ್ಮ ದೇಶದಲ್ಲಿ 1920ರ ದಶಕದಲ್ಲಿ ಶಿವಕಾಶಿಯಲ್ಲಿ ಈ ಉದ್ಯಮ ಬೇರೂರಿತು. ಅಲ್ಲಿಯೂ ಬಹುಕಾಲ ಮಕ್ಕಳ ಕೈಗಳು ದುಡಿದವು.

ಬೆಂಕಿಯ ನಂತರ ಬೆಳಕು. ಹೊಂಗೆ ಎಣ್ಣೆ, ಹರಳೆಣ್ಣೆಯ ಹಣತೆಯ ಜಾಗಕ್ಕೆ ಬಂದದ್ದು ಸೀಮೆಎಣ್ಣೆ. ಹೆಸರಿನಲ್ಲೇ ಇದೆ, ಅದು ಹೊರಸೀಮೆಯಿಂದ ಬಂದದ್ದು. ಕಂದೀಲು ಎಂಬ ಪದ ಮಾತ್ರ ಅರಬ್ಬಿಯ ಕಿಂದೀಲ್. ಕನ್ನಡದ ಅಜ್ಜಿಯರೂ ನಮ್ಮ ದಾದಿಯರೂ ಅದನ್ನು ಒಂದೇ ಹೆಸರಿನಿಂದ ಕರೆದು ಒಂದೇ ರೀತಿ ಬೂದಿಯಿಂದ ಗಾಜು ಒರೆಸಿದರು. ನಮ್ಮ ಸಭೆ ಸಮಾರಂಭಗಳಲ್ಲಿ ಭಾಷಣಕಾರರು ಅರ್-ರಾಝಿಯ ಹೆಸರನ್ನು ಹೇಳುವುದುಂಟು. 925ರಲ್ಲಿ ತೀರಿಕೊಂಡ ಈ ಮಹಾವೈದ್ಯ, ನೆಲದಿಂದ ಒಸರುವ ನಫ್ತ್ ಎಣ್ಣೆಯನ್ನು ಬಟ್ಟಿ ಇಳಿಸಿ ತಿಳಿಯಾದ ಬಿಳಿ ನಫ್ತ್ ಪಡೆಯುವ ಕ್ರಮವನ್ನು "ಕಿತಾಬುಲ್ ಅಸ್ರಾರ್" ಎಂಬ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಇದು ಹೆಮ್ಮೆಯ ವಿಷಯವೇ. ಆದರೆ ಹೆಮ್ಮೆಯಲ್ಲಿ ಚಪ್ಪಾಳೆ ತಟ್ಟಿ ಅಲ್ಲಿಗೇ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಪುಸ್ತಕದಲ್ಲಿದ್ದ ಆ ವಿದ್ಯೆ ನಮ್ಮ ಕಡೆಯ ಗುಡಿಸಲಿನ ಬುಡ್ಡಿಯವರೆಗೆ ಬರಲು ಸುಮಾರು ಸಾವಿರ ವರ್ಷ ಹಿಡಿಯಿತಲ್ಲ? 1846ರಲ್ಲಿ ಕೆನಡಾದ ಅಬ್ರಹಾಂ ಗೆಸ್ನರ್ ಕಲ್ಲಿದ್ದಲಿನಿಂದ ದೀಪದ ಎಣ್ಣೆ ತೆಗೆದು ತೋರಿಸಿದ. 1853ರಲ್ಲಿ ಪೋಲೆಂಡಿನ ಇಗ್ನಾಸಿ ಲುಕಾಸಿಯೆವಿಚ್‌ನ ದೀಪ ಒಂದು ಆಸ್ಪತ್ರೆಯಲ್ಲಿ ಬೆಳಗಿತು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡ್ರೇಕ್ ಎಂಬಾತ ಎಣ್ಣೆಬಾವಿ ಕೊರೆಸಿದ. ಆಮೇಲೆ ಡಬ್ಬಿಗಳಲ್ಲಿ ತುಂಬಿ ಹಡಗು ಹತ್ತಿಸಿದ್ದರಿಂದಲೇ ಅದು ಹಳ್ಳಿಯ ಅಂಗಡಿಗೆ ತಲುಪಿತು.

ವಿದ್ಯುತ್ತಿನ ಕಥೆಯೂ ಹೀಗೆಯೇ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆ 1902ರಲ್ಲಿ ಪೂರ್ಣಗೊಂಡು, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಅದು ಜಗತ್ತೇ ಗಮನಿಸಿದ ಸಾಧನೆ. ಮೊದಲು ಗಣಿಯ ಯಂತ್ರಗಳಿಗೆ, ಆಮೇಲೆ 1905ರ ಆಗಸ್ಟ್ 5ರಂದು ಬೆಂಗಳೂರು ನಗರದ ಬೀದಿ ದೀಪಗಳಿಗೆ. ಹಳ್ಳಿಯ ಬಡವರ ಗುಡಿಸಲಿಗೆ ಒಂದು ಬಲ್ಬು ಕೊಡುವ ಭಾಗ್ಯಜ್ಯೋತಿ ಯೋಜನೆ ಬಂದದ್ದು 1970ರ ದಶಕದ ಕೊನೆಗೆ. ನಾನು 1988ರಲ್ಲಿ ಹುಟ್ಟುವ ಹೊತ್ತಿಗೆ ನಮ್ಮ ಮನೆಯಲ್ಲಿ ಬಲ್ಬು ಇತ್ತು. ಅದು ಪಡಸಾಲೆಯಲ್ಲಿತ್ತು. ಒಳಗೆ ಅಡುಗೆ ಮಾಡುವವರಿಗೆ ಚಿಮಣಿ ಬುಡ್ಡಿಯೇ ಗತಿ. ಅದೇಕೆ ಹಾಗೆ ಎಂದು ಆಗ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದ ಅದೇ 1905ರಲ್ಲಿ ಮದ್ರಾಸಿನ "ದಿ ಇಂಡಿಯನ್ ಲೇಡೀಸ್ ಮ್ಯಾಗಜೀನ್" ಪತ್ರಿಕೆಯಲ್ಲಿ ಒಂದು ಕಥೆ ಅಚ್ಚಾಯಿತು. ಹೆಸರು "ಸುಲ್ತಾನಾಸ್ ಡ್ರೀಮ್", ಅಂದರೆ ಸುಲ್ತಾನಾಳ ಕನಸು. ಬರೆದವರು ರುಕಯ್ಯಾ ಸಖಾವತ್ ಹುಸೇನ್. ಈಗ ಬಾಂಗ್ಲಾದೇಶದಲ್ಲಿರುವ ರಂಗಪುರ ಸೀಮೆಯ ಪಾಯ್ರಾಬಂದ್ ಎಂಬಲ್ಲಿ 1880ರಲ್ಲಿ ಹುಟ್ಟಿದ ಅವರನ್ನು ಶಾಲೆಗೆ ಕಳಿಸಿರಲಿಲ್ಲ. ರಾತ್ರಿ ಮನೆಯವರು ಮಲಗಿದ ಮೇಲೆ ಅಣ್ಣ ದೀಪದ ಬೆಳಕಿನಲ್ಲಿ ಇಂಗ್ಲಿಷ್, ಬಂಗಾಳಿ ಕಲಿಸಿದ. ಆ ಕಥೆಯಲ್ಲಿ ಹೆಂಗಸರೇ ಆಳುವ ಒಂದು ನಾಡಿದೆ. ಅಲ್ಲಿನ ಅಡುಗೆಮನೆಯಲ್ಲಿ ಹೊಗೆಯಿಲ್ಲ, ಸೌದೆಯಿಲ್ಲ. ಸೂರ್ಯನ ಶಾಖವನ್ನು ಹಿಡಿದಿಟ್ಟು ಅದರಿಂದ ಅನ್ನ ಬೇಯಿಸುತ್ತಾರೆ. ಮೋಡದಿಂದ ನೀರು ಇಳಿಸಿಕೊಳ್ಳಲು ದೊಡ್ಡ ಬಲೂನು ಇದೆ. ಈ ಎರಡನ್ನೂ ಕಂಡುಹಿಡಿದವು ಹೆಂಗಸರ ಎರಡು ವಿಶ್ವವಿದ್ಯಾಲಯಗಳು.

ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಹಾರುವ ರಥ, ಚಿನ್ನದ ಅರಮನೆಯನ್ನು ಕನಸಿನಲ್ಲಿ ಕಟ್ಟಿದವರು ಬಹಳ ಮಂದಿ ಇದ್ದಾರೆ. ರುಕಯ್ಯಾ ಅವರ ಕಥೆಯಲ್ಲೂ ಹಾರುವ ಬಂಡಿ ಇದೆ, ಇಲ್ಲವೆನ್ನಲಾರೆ. ಆದರೆ ಒಲೆಯ ಹೊಗೆ ಮತ್ತು ನೀರಿನ ಕೊಡ, ಇವೆರಡು ತೊಲಗಬೇಕೆಂದು ಕನಸು ಕಾಣಲು ಒಳಗಿನಿಂದ ಅಡುಗೆಮನೆಯನ್ನು ಬಲ್ಲವರೇ ಬೇಕಾಯಿತು. ಅವರು ಮುಂದೆ 1911ರಲ್ಲಿ ಕಲ್ಕತ್ತೆಯಲ್ಲಿ ಗಂಡನ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಮನೆಮನೆಗೆ ಹೋಗಿ ಹುಡುಗಿಯರನ್ನು ಕಳಿಸಿರೆಂದು ತಂದೆತಾಯಿಯರನ್ನು ಬೇಡಿದರು. 1932ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ನಡೆಸಿದರು.

ಆ ಕಥೆಯ ಹೊಗೆಯಿಲ್ಲದ ಅಡುಗೆಮನೆ ನಿಜವಾಗಲು ಎಷ್ಟು ಕಾಲ ಹಿಡಿಯಿತು ನೋಡೋಣ. ಕಥೆ ಬರೆಯುವ ಮೊದಲೇ, 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಪ್ರೈಮಸ್ ಸ್ಟೌ ತಯಾರಿಸಿದ್ದ. ಪಂಪು ಹೊಡೆದಾಗ ಗಾಳಿಯ ಒತ್ತಡದಿಂದ ಎಣ್ಣೆ ಮೇಲೇರಿ, ಬಿಸಿಯಾಗಿ ಆವಿಯಾಗಿ, ನೀಲಿ ಜ್ವಾಲೆಯಲ್ಲಿ ಉರಿಯುತ್ತದೆ. ಬತ್ತಿಯಿಲ್ಲ, ಮಸಿ ಕಡಿಮೆ. ಪಟ್ಟಣದ ಮನೆಗಳಿಗೆ ಇದು ಬಂದಾಗ ದೊಡ್ಡ ಅನುಕೂಲವೇ ಆಯಿತು. ಇದೇ ಸ್ಟೌವಿನ ಹೆಸರು ಇನ್ನೊಂದು ಕಾರಣಕ್ಕೂ ನೆನಪಿನಲ್ಲಿ ಉಳಿದಿದೆ. ಸ್ಟೌ ಸಿಡಿದು ಸೊಸೆಯ ಸಾವು ಎಂಬ ಸುದ್ದಿ ಒಂದು ಕಾಲದಲ್ಲಿ ಪತ್ರಿಕೆಗಳಲ್ಲಿ ಮಾಮೂಲಾಗಿತ್ತು. ಸ್ಟೌ ಸಿಡಿಯುವುದು ಸುಳ್ಳಲ್ಲ. ಆದರೆ ಅದು ಯಾವಾಗಲೂ ಸೊಸೆ ಮುಂದೆ ಕುಳಿತಾಗಲೇ ಏಕೆ ಸಿಡಿಯುತ್ತದೆ ಎಂದು ಜನ ಕೇಳಲಾರಂಭಿಸಿದ ಮೇಲೆ, 1983ರಲ್ಲಿ ಗಂಡನ ಮನೆಯ ಕ್ರೌರ್ಯದ ವಿರುದ್ಧ ಮತ್ತು 1986ರಲ್ಲಿ ವರದಕ್ಷಿಣೆ ಸಾವಿನ ವಿರುದ್ಧ ದಂಡಸಂಹಿತೆಗೆ ಕಲಮುಗಳು ಸೇರಿದವು. ಯಂತ್ರದ ಮೇಲೆ ಹೊರಿಸಿದ ಎಷ್ಟೋ ತಪ್ಪು ಯಂತ್ರದ್ದಾಗಿರಲಿಲ್ಲ.

ಅಡುಗೆ ಅನಿಲ 1955ರಲ್ಲಿ ಮುಂಬಯಿಗೆ ಬಂತು. ಇಂಡೇನ್‌ನ ಮೊದಲ ಸಂಪರ್ಕ 1965ರಲ್ಲಿ ಕಲ್ಕತ್ತೆಯಲ್ಲಿ ಕೊಡಲಾಯಿತು. ಬಹುಕಾಲ ಅದು ಪಟ್ಟಣದ ನೌಕರಸ್ಥರ ವಸ್ತುವಾಗಿತ್ತು, ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹಳ್ಳಿಯ ಒಲೆಯ ಬಗ್ಗೆ ತಲೆ ಕೆಡಿಸಿಕೊಂಡವರು ಕೆಲವರೇ. ಅವರಲ್ಲಿ ನಮ್ಮ ರಾಜ್ಯದವರನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ "ಅಸ್ತ್ರ" ಎಂಬ ವಿಭಾಗವನ್ನು ಕಟ್ಟಿದರು. ಹಳ್ಳಿಗೆ ತಕ್ಕ ವಿಜ್ಞಾನ ಅದರ ಗುರಿ. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಸೌದೆ ಕಡಿಮೆ, ಹೊಗೆ ಕೊಳವೆಯಿಂದ ಹೊರಕ್ಕೆ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಅವರು ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲ ಯೋಚನೆ ಎಲ್ಲ ಮನೆಗಳಿಗೂ ಅಡುಗೆಗೆ ಅನಿಲ ಕೊಡುವುದು. ಸಗಣಿ ಸಾಲದೆ ಅದು ಕೈಗೂಡಲಿಲ್ಲ. ಊರವರಿಗೆ ಬೇಕಾಗಿದ್ದುದು ಮೊದಲು ಕುಡಿಯುವ ನೀರು. ಕೊನೆಗೆ 1987ರಿಂದ ಅದೇ ಅನಿಲದಿಂದ ಎಂಜಿನ್ ನಡೆಸಿ, ವಿದ್ಯುತ್ ತಯಾರಿಸಿ, ಕೊಳವೆಬಾವಿಯ ನೀರನ್ನೂ ಮನೆಗಳಿಗೆ ದೀಪವನ್ನೂ ಕೊಟ್ಟರು. ದೊಡ್ಡ ವಿಜ್ಞಾನಿಗಳು ಹಳ್ಳಿಯವರ ಮಾತು ಕೇಳಿ ತಮ್ಮ ಯೋಜನೆ ಬದಲಿಸಿದ ಈ ಪ್ರಸಂಗ ನನಗೆ ಶಿವನಸಮುದ್ರದಷ್ಟೇ ದೊಡ್ಡದಾಗಿ ಕಾಣುತ್ತದೆ.

ಒಲೆಯ ಹೊಗೆ ಬರೀ ಕಣ್ಣೀರಿನ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೆ ಈಡಾದರು. ನಮ್ಮ ದಾದಿಮಾಗೆ ಎರಡೂ ಕಣ್ಣಿಗೆ ಪೊರೆ ಬಂದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಎಷ್ಟು ವರ್ಷ ಸೌದೆ ಒಲೆಯ ಮುಂದೆ ಕುಳಿತಿದ್ದೀರಿ ಎಂದು. ಅವರು ಬೆರಳು ಮಡಚಿ ಎಣಿಸಲು ಹೋಗಿ, "ಒಂಬತ್ತು ವರ್ಷದವಳಿದ್ದಾಗಿಂದ" ಎಂದರು. ನಮ್ಮ ಮನೆಗೆ ಗ್ಯಾಸ್ ಬಂದದ್ದು 2004ರಲ್ಲಿ. ಅದಕ್ಕೆ ಮೊದಲು ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆಯ ಬತ್ತಿ ಸ್ಟೌ, ಎಣ್ಣೆ ಮುಗಿದ ಮೇಲೆ ಸೌದೆ. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಆರಂಭವಾದ ಉಜ್ವಲ ಯೋಜನೆಯಲ್ಲಿ ಹೆಂಗಸರ ಹೆಸರಿಗೇ 10 ಕೋಟಿಗೂ ಹೆಚ್ಚು ಸಂಪರ್ಕ ಕೊಡಲಾಗಿದೆ. ಸಿಲಿಂಡರ್ ಮನೆಯಲ್ಲಿದ್ದರೂ ತುಂಬಿಸುವ ಹಣವಿಲ್ಲದೆ ಮತ್ತೆ ಸೌದೆ ಹಚ್ಚುವ ಮನೆಗಳಿವೆ. ನನ್ನ ವಿದ್ಯಾರ್ಥಿಗಳ ಮನೆಗಳಲ್ಲೇ ಕಂಡಿದ್ದೇನೆ. ಅಂಗಿಯ ವಾಸನೆ ಹೇಳುತ್ತದೆ.

ಇನ್ನು ಬೀಸುವುದು, ಅರೆಯುವುದು. ಸಿಲ್-ಬಟ್ಟಾ, ಒರಳು, ಬೀಸುವ ಕಲ್ಲು ಮೂರೂ ನಮ್ಮ ಮನೆಯಲ್ಲಿದ್ದವು. ಹಿಂದೆ ಈ ದಕ್ಖನಿನಲ್ಲಿ ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕನ್ನಡದ ಹೆಂಗಸರು ಬೀಸುವ ಪದ ಹಾಡುತ್ತಿದ್ದರೆ, ಬಿಜಾಪುರದ ಸೂಫಿಗಳು ದಖನಿ ಭಾಷೆಯಲ್ಲಿ ಚಕ್ಕಿನಾಮಾ, ಚರ್ಖಾನಾಮಾ ಎಂಬ ಹಾಡುಗಳನ್ನು ಹೆಂಗಸರಿಗಾಗಿಯೇ ಕಟ್ಟಿದರು. ಕಲ್ಲು ತಿರುಗಿಸುತ್ತಲೇ ಧರ್ಮದ ಪಾಠ ಕಲಿಯಲಿ ಎಂದು. ಆ ಹಾಡುಗಳ ಬಗ್ಗೆ ನಮ್ಮ ಉರ್ದು ಉಪನ್ಯಾಸಗಳಲ್ಲಿ ಬಹಳ ಭಾವುಕವಾಗಿ ಮಾತಾಡುತ್ತಾರೆ. ನಾನೂ ಮಾತಾಡಿದ್ದೇನೆ. ಒಮ್ಮೆ ಮನೆಯಲ್ಲಿ ಅದನ್ನೇ ಹೇಳಿದಾಗ ದಾದಿಮಾ ತಮ್ಮ ಅಂಗೈ ತೋರಿಸಿದರು. ಹೆಬ್ಬೆರಳಿನ ಬುಡದಲ್ಲಿ ಜಡ್ಡುಗಟ್ಟಿದ ಚರ್ಮ ಕಲ್ಲು ಬಿಟ್ಟು ಇಪ್ಪತ್ತು ವರ್ಷವಾದರೂ ಮೆತ್ತಗಾಗಿರಲಿಲ್ಲ. ಹಾಡು ಉಳಿಯಬೇಕು, ಪುಸ್ತಕದಲ್ಲಿ ಉಳಿಯಲಿ.

ಜೋಳ, ರಾಗಿ ಬೀಸುವ ಕೆಲಸವನ್ನು ಹಿಟ್ಟಿನ ಗಿರಣಿ ಹೊರಗೆ ಒಯ್ದಿತು. ಮಸಾಲೆ ಅರೆಯುವುದು ಉಳಿಯಿತು. ಅದಕ್ಕೆ ಪರಿಹಾರ ಸಿಕ್ಕಿದ್ದು ನಮ್ಮ ದೇಶದಲ್ಲೇ. 1955ರಲ್ಲಿ ಕೊಯಮತ್ತೂರಿನ ಸಭಾಪತಿ ಎಂಬುವರು ಒರಳನ್ನೇ ಮೋಟಾರಿಗೆ ಜೋಡಿಸಿ ವೆಟ್ ಗ್ರೈಂಡರ್ ಮಾಡಿದರು. ಇನ್ನು ಮಿಕ್ಸಿ. 1960ರ ದಶಕದಲ್ಲಿ ಮುಂಬಯಿಯಲ್ಲಿ ಸೀಮೆನ್ಸ್ ಕಂಪನಿಯ ಇಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ಜರ್ಮನಿಯ ಬ್ರೌನ್ ಮಿಕ್ಸರ್ ಕೆಟ್ಟುಹೋಯಿತು, ರಿಪೇರಿ ಮಾಡುವವರು ಸಿಗಲಿಲ್ಲ. ಹೆಂಡತಿಯ ಮಾತಿನ ಮೇಲೆ ಮಾಥುರ್ ತಾವೇ ಒಂದನ್ನು ತಯಾರಿಸಲು ಕುಳಿತರು. ಯುರೋಪಿನ ಯಂತ್ರ ಹಾಲು, ಮೊಟ್ಟೆ, ಹಣ್ಣು ಕಲಸಲು ಮಾಡಿದ್ದು. ಒಣ ಅರಿಶಿನದ ಕೊಂಬು, ಕೊಬ್ಬರಿ, ನೆನೆದ ಉದ್ದು ಹಾಕಿದರೆ ಅದರ ಮೋಟಾರು ಸುಡದೆ ಇನ್ನೇನಾದೀತು? ಹೆಚ್ಚು ಶಕ್ತಿಯ ಮೋಟಾರು, ಗಟ್ಟಿ ಉಕ್ಕಿನ ಬ್ಲೇಡು, ಉಕ್ಕಿನ ಜಾರು ಇಟ್ಟು ಮಾಡಿದ ಅವರ ಯಂತ್ರವೇ ಸುಮೀತ್ ಮಿಕ್ಸಿ. ಹೊರಗಿನ ಯಂತ್ರವನ್ನು ತಂದು ನಮ್ಮ ಅಡುಗೆಯನ್ನು ಅದಕ್ಕೆ ಬಗ್ಗಿಸದೆ, ನಮ್ಮ ಅಡುಗೆಗೆ ಯಂತ್ರವನ್ನು ಬಗ್ಗಿಸಿದ ಇಂಥ ಉದಾಹರಣೆಗಳು ವಿಜ್ಞಾನದ ಪಠ್ಯದಲ್ಲಿ ಬರಬೇಕು. ತಮಿಳುನಾಡು ಸರ್ಕಾರ 2011ರಿಂದ ರೇಷನ್ ಕಾರ್ಡಿನ ಮನೆಗಳಿಗೆ ಮಿಕ್ಸಿ, ಗ್ರೈಂಡರ್, ಫ್ಯಾನು ಉಚಿತವಾಗಿ ಹಂಚಿದಾಗ ನಮ್ಮಲ್ಲಿ ಬಹಳ ಮಂದಿ ನಕ್ಕರು. ನಕ್ಕವರಲ್ಲಿ ಒರಳು ತಿರುಗಿಸಿದವರು ಎಷ್ಟು ಜನ ಇದ್ದರೋ.

ನಮ್ಮ ಮನೆಗೆ ಮಿಕ್ಸಿ ಬಂದದ್ದು 1999ರಲ್ಲಿ. ಹೊಲಿಗೆ ಯಂತ್ರ ಬಂದದ್ದು 1968ರಲ್ಲಿ! ಈ ಮೂವತ್ತೊಂದು ವರ್ಷದ ಅಂತರ ಏಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ಹೊಲಿಗೆ ಯಂತ್ರದ ಚರಿತ್ರೆ ಹಳೆಯದು. ಫ್ರಾನ್ಸಿನ ತಿಮೊನಿಯೆ 1830ರಲ್ಲಿ ಮಾಡಿದ ಯಂತ್ರಗಳನ್ನು ಹೊಟ್ಟೆಪಾಡಿಗೆ ಹೆದರಿದ ದರ್ಜಿಗಳೇ ಮುರಿದು ಹಾಕಿದರು. 1846ರಲ್ಲಿ ಹೋವ್, 1851ರಲ್ಲಿ ಸಿಂಗರ್ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಸಿಂಗರ್ ಕಂಪನಿ ಅದನ್ನು ಕಂತಿನ ಮೇಲೆ ಮಾರಿ ಬಡವರ ಮನೆಗೂ ಮುಟ್ಟಿಸಿತು. ಯಂತ್ರಗಳ ಬಗ್ಗೆ ಅಷ್ಟೊಂದು ಅನುಮಾನವಿದ್ದ ಗಾಂಧೀಜಿಯವರೂ 1924ರಲ್ಲಿ ಹೊಲಿಗೆ ಯಂತ್ರಕ್ಕೆ ರಿಯಾಯಿತಿ ಕೊಟ್ಟರು. ಹೆಂಡತಿ ಹೊಲಿಗೆಯಲ್ಲಿ ಸವೆಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ ಎಂದು ಅವರು ನಂಬಿದ್ದರು. ನಮ್ಮ ದಾದಾ ಸಾಲ ಮಾಡಿ ಅದನ್ನು ತಂದದ್ದು ದಾದಿಮಾ ಊರವರ ರವಿಕೆ, ಲಂಗ ಹೊಲಿದು ನಾಲ್ಕು ಕಾಸು ತರಲಿ ಎಂದು. ತಪ್ಪೇನಿಲ್ಲ, ಆ ಯಂತ್ರ ನಮ್ಮನ್ನು ಸಾಕಿದೆ. ಆದರೆ ಅದು ದುಡಿದು ತರುವ ಯಂತ್ರ. ಮಿಕ್ಸಿ ದುಡಿಯುವುದಿಲ್ಲ, ಹೆಂಗಸಿನ ರಟ್ಟೆಯನ್ನು ಉಳಿಸುತ್ತದೆ ಅಷ್ಟೇ. ರಟ್ಟೆಗೆ ಮನೆಯ ಲೆಕ್ಕದ ಪುಸ್ತಕದಲ್ಲಿ ಕಲಮು ಇರಲಿಲ್ಲ. ಹಾಗಾಗಿ ಅದು ಮೂವತ್ತೊಂದು ವರ್ಷ ಕಾಯಿತು.

ಪ್ರೆಷರ್ ಕುಕ್ಕರಿನದು ಇನ್ನೂ ವಿಚಿತ್ರ. ಫ್ರಾನ್ಸಿನ ಡೆನಿಸ್ ಪಪಾಂ 1679ರಲ್ಲಿ ಲಂಡನ್ನಿನಲ್ಲಿ ಬಿಗಿಯಾದ ಮುಚ್ಚಳದ ಒಂದು ಪಾತ್ರೆ ಮಾಡಿ, ಗಟ್ಟಿ ಮೂಳೆಯೂ ಅದರಲ್ಲಿ ಮೆತ್ತಗಾಗುವುದನ್ನು ತೋರಿಸಿದ. ಆವಿ ಹೊರಹೋಗದಿದ್ದರೆ ಒತ್ತಡ ಹೆಚ್ಚಿ, ನೀರು 100 ಡಿಗ್ರಿಗೆ ಕುದಿಯುವ ಬದಲು ಸುಮಾರು 120 ಡಿಗ್ರಿಗೆ ಕುದಿಯುತ್ತದೆ, ಬೇಳೆ ಬೇಗ ಬೇಯುತ್ತದೆ. ಪಾತ್ರೆ ಒಡೆಯದಂತೆ ಅವನು ಇಟ್ಟ ಸುರಕ್ಷಾ ಕವಾಟವೇ ಇಂದಿನ ಸೀಟಿಯ ಮೂಲಪುರುಷ. ಇದೇ ಪಪಾಂ ಆವಿಯ ಬಲದಿಂದ ಕೊಂತವನ್ನು ಎತ್ತಬಹುದೆಂದು 1690ರಲ್ಲಿ ಬರೆದ. ಆ ದಾರಿಯಲ್ಲಿ ಮುಂದೆ ಉಗಿಯಂತ್ರ ಬಂತು, ಗಣಿ, ಗಿರಣಿ, ರೈಲು ಎಲ್ಲ ಬಂದವು. ಅಡುಗೆಪಾತ್ರೆ ಮಾತ್ರ ಅಡುಗೆಮನೆಗೆ ಹಿಂದಿರುಗಲಿಲ್ಲ. ಅಮೆರಿಕದ ಮನೆಗಳಿಗೆ ಅದು ಬಂದದ್ದು 1930ರ ದಶಕದ ಕೊನೆಗೆ, ನಮ್ಮ ದೇಶದಲ್ಲಿ ತಯಾರಾದದ್ದು 1959ರಲ್ಲಿ. 280 ವರ್ಷ!

ಆ ಹುಡುಗಿಯ ನಲ್ಲಿಗೆ ಈಗ ಬರುತ್ತೇನೆ. ನೀರಿನ ವಿಷಯ ಬರೆಯಲು ನನಗೆ ಸ್ವಲ್ಪ ಸಂಕೋಚ. ಏಕೆಂದರೆ ನಾನು ನೀರು ಹೊತ್ತವನಲ್ಲ. ನಮ್ಮ ಓಣಿಯ ತುದಿಯಲ್ಲಿ ಒಂದು ಬೋರಿಂಗ್ ಇತ್ತು. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಮದ್ರಾಸಿನಲ್ಲಿ ರೂಪುಗೊಂಡ "ಇಂಡಿಯಾ ಮಾರ್ಕ್ 2" ಎಂಬ ಆ ಕೈಪಂಪು ಜಗತ್ತಿನ ಅನೇಕ ಬಡದೇಶಗಳಿಗೂ ಹೋಗಿದೆ. ತೆರೆದ ಬಾವಿಯ ಕೊಳಕು ನೀರಿನಿಂದ ಲಕ್ಷಾಂತರ ಮಕ್ಕಳನ್ನು ದೂರ ಇಟ್ಟ ಯಂತ್ರ ಅದು. ಅದರ ಹಿಡಿಕೆಯನ್ನು ಬೆಳಗ್ಗೆ ಐದಕ್ಕೆ ಹಿಡಿಯುತ್ತಿದ್ದವಳು ನನ್ನ ಅಕ್ಕ. ಹದಿನೈದು ಲೀಟರಿನ ಕೊಡವೆಂದರೆ ಹದಿನೈದು ಕಿಲೋ ನೀರು, ಹಿತ್ತಾಳೆಯದಾದರೆ ಕೊಡದ ಭಾರ ಬೇರೆ. ಪ್ಲಾಸ್ಟಿಕ್ ಕೊಡ ಬಂದ ದಿನ ಅವಳು ಹಿಗ್ಗಿದ್ದು ನನಗೆ ನೆನಪಿದೆ. ಪರಿಸರದ ಪಾಠದಲ್ಲಿ ಪ್ಲಾಸ್ಟಿಕ್ಕನ್ನು ಬೈಯುವಾಗಲೆಲ್ಲ ಆ ಕೆಂಪು ಕೊಡ ನನ್ನ ಕಣ್ಣಮುಂದೆ ಬಂದು ನಾಲಿಗೆ ತಡೆಯುತ್ತದೆ. ದಿನಕ್ಕೆ ಎಂಟು ಹತ್ತು ಕೊಡ. ಸರದಿಯಲ್ಲಿ ತಡವಾದ ದಿನ ಶಾಲೆ ತಪ್ಪುತ್ತಿತ್ತು. ತಪ್ಪಿ ತಪ್ಪಿ, 1998ರಲ್ಲಿ ಏಳನೆಯ ತರಗತಿಗೆ ನಿಂತೇಹೋಯಿತು. ಅವಳು ಲೆಕ್ಕದಲ್ಲಿ ನನಗಿಂತ ಚುರುಕು. ನಾನು ಬಿ.ಎಡ್. ಮಾಡಿದೆ.

2019ರಲ್ಲಿ ಜಲ ಜೀವನ್ ಯೋಜನೆ ಆರಂಭವಾದಾಗ ದೇಶದ ಹಳ್ಳಿಯ ಮನೆಗಳಲ್ಲಿ ನಲ್ಲಿ ಇದ್ದದ್ದು ನೂರಕ್ಕೆ ಸುಮಾರು 17ರಲ್ಲಿ. ನಮ್ಮ ಓಣಿಗೆ 2021ರಲ್ಲಿ ಬಂತು. ಎಲ್ಲ ದಿನ ನೀರು ಬರುವುದಿಲ್ಲ, ಬಂದಾಗ ಹಿಡಿದಿಟ್ಟುಕೊಳ್ಳಬೇಕು. ಆದರೂ ಅಂಗಳದಲ್ಲೇ ಬರುತ್ತದೆ.

ಒಂದು ತಕರಾರನ್ನೂ ಹೇಳದಿದ್ದರೆ ಚರಿತ್ರೆ ಪೂರ್ತಿಯಾಗದು. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಬರೆದ ಪುಸ್ತಕವೊಂದರಲ್ಲಿ, ಮನೆಗೆ ಯಂತ್ರಗಳು ಬಂದರೂ ತಾಯಂದಿರ ಕೆಲಸದ ಗಂಟೆ ಕಡಿಮೆಯಾಗಲಿಲ್ಲ ಎಂದು ತೋರಿಸಿದ್ದಾರೆ. ಬಟ್ಟೆ ಒಗೆಯುವ ಯಂತ್ರ ಬಂದಮೇಲೆ ದಿನವೂ ಒಗೆದ ಬಟ್ಟೆ ಬೇಕೆಂದಾಯಿತು. ಗಂಡಸರೂ ಮಕ್ಕಳೂ ಮಾಡುತ್ತಿದ್ದ ಸೌದೆ ಒಡೆಯುವಂಥ ಕೆಲಸ ತಪ್ಪಿತು, ತಾಯಿಯದು ಉಳಿಯಿತು. ನಮ್ಮಲ್ಲೂ ಇದು ಕಾಣುತ್ತದೆ. ರಮಜಾನಿನಲ್ಲಿ ಸಹರಿಗೆ ಮೊದಲು ರಾತ್ರಿಯ ಅನ್ನವೋ ರೊಟ್ಟಿಯೋ ಸಾಕಾಗಿತ್ತು. ಗ್ಯಾಸು, ಮಿಕ್ಸಿ, ಫ್ರಿಜ್ಜು ಬಂದ ಮೇಲೆ ಇಫ್ತಾರಿಗೆ ಆರು ಬಗೆ ಬೇಕು. ಕೇಳುವವರು ನಾವು, ಮಾಡುವವರು ಅವರೇ.

ಆದರೆ ಎಲ್ಲ ಹೊತ್ತೂ ಹೀಗೆ ಸೋರಿಹೋಗಲಿಲ್ಲ ಎಂಬುದಕ್ಕೆ ನಮ್ಮ ಮನೆಯಲ್ಲೇ ಒಂದು ಸಾಕ್ಷಿ ಇದೆ. ಗ್ಯಾಸ್ ಬಂದ 2004ರಿಂದ ಅಕ್ಕನ ಮದುವೆಯಾದ 2006ರವರೆಗೆ, ಬೆಳಗಿನ ತಿಂಡಿ ಮುಗಿದ ಮೇಲೆ ಸುಮಾರು ಒಂದು ಗಂಟೆ ಅಮ್ಮಿಗೂ ಅಕ್ಕನಿಗೂ ಬಿಡುವು ಸಿಗುತ್ತಿತ್ತು. ಅಮ್ಮಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಬಸ್ಸಿನ ಬೋರ್ಡು ತೋರಿಸಿ ಯಾರನ್ನಾದರೂ ಕೇಳಬೇಕಿತ್ತು. ಅಕ್ಕ ನನ್ನ ಹಳೆಯ ಒಂದನೆಯ ತರಗತಿಯ ಪುಸ್ತಕವನ್ನು ಅಟ್ಟದಿಂದ ತೆಗೆದು, ಅಡುಗೆಕಟ್ಟೆಯ ಪಕ್ಕದಲ್ಲೇ ಕೂರಿಸಿಕೊಂಡು ಅ, ಆ ಶುರುಮಾಡಿದಳು. ನನಗೆ ಇದು ಗೊತ್ತಾದದ್ದು ಕಾಲೇಜಿನ ರಜೆಗೆ ಬಂದಾಗ. ಗ್ಯಾಸಿನ ಪುಸ್ತಕ ಅಮ್ಮಿಯ ಹೆಸರಿನಲ್ಲೇ ಇತ್ತು. ಅದರ ಮೇಲೆ ಕನ್ನಡದಲ್ಲಿ ಬರೆದ ತನ್ನ ಹೆಸರನ್ನು ಬೆರಳಿಟ್ಟು ಓದಿ, ಮೂರನೆಯ ಅಕ್ಷರಕ್ಕೆ ಒತ್ತು ಬಿಟ್ಟಿದ್ದಾರೆ, ಹೋಗಿ ಸರಿಮಾಡಿಸಿಕೊಂಡು ಬಾ ಎಂದು ನನ್ನ ಕೈಗೆ ಕೊಟ್ಟಳು.